ಆಡಿಗೂ ಶಿಫ್ಟು

"ಚೊಂಬು ತುಂಬೋದು ಬೇಡ ಕಣೇ, ತಳ ಮುಚ್ಚೋವಷ್ಟಾದ್ರೂ ಕೊಡೇ ಮಾರಾಯ್ತಿ!"

ಪುಟ್ಟಲಕ್ಷ್ಮಿ ಆಡಿಗೆ ಕೈ ಮುಗಿಯುವುದೊಂದು ಬಾಕಿ. ಅದೋ, ಹಿಂಗಾಲು ಝಾಡಿಸಿತು. ಚೊಂಬು ಉರುಳಿ, ಇದ್ದ ನಾಲ್ಕು ಹನಿಯೂ ಮಣ್ಣುಪಾಲು.

ಒಳಗೆ ತೊಟ್ಟಿಲಲ್ಲಿ ತಮ್ಮ ಕಿರುಚುತ್ತಿದ್ದ. ಹಸುವಿನ ಹಾಲು ಅವನಿಗೆ ಆಗದು, ಆಡಿನ ಹಾಲೇ ಬೇಕು. ನಿನ್ನೆ ಅದನ್ನೂ ಉಗಿದಿದ್ದ. ಪುಟ್ಟಲಕ್ಷ್ಮಿ ಬೆರಳದ್ದಿ ನೆಕ್ಕಿದರೆ ಉಪ್ಪುಪ್ಪು!

"ಸಾಕಾಯ್ತು. ಈ ಸಂತೆಗೆ ಇದನ್ನ ಕೊಟ್ಟು ಬೇರೆ ತರೋದೇ" ಎಂದಳು ಅಮ್ಮ.

ಪುಟ್ಟಲಕ್ಷ್ಮಿ ಆಡಿನ ಕೊರಳು ತಬ್ಬಿಕೊಂಡಳು. ಹಾಲು ಕೊಡದ ಆಡನ್ನು ಸಂತೆಯಲ್ಲಿ ಕೊಳ್ಳುವವರು ಕಟುಕರೇ.

ಪಕ್ಕದ ಮನೆಯ ಕರಿಬಸಮ್ಮ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟಳು. "ದೃಷ್ಟಿ ಆಗಿದೆ ಕಣ್ರೀ. ಮೆಣಸಿನಕಾಯಿ ನಿವಾಳಿಸಿ." ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಆಡು ಮಾತ್ರ ಹಾಯಾಗಿ ಮೆಲುಕು ಹಾಕುತ್ತಿತ್ತು. ಅದನ್ನು ನೋಡಿ ಪುಟ್ಟಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು.

ಆಗಲೇ ಕೋಣೆಯ ಬಾಗಿಲು ದಡಾರನೆ ತೆರೆಯಿತು. ಅಪ್ಪ! ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟು ಮುಗಿಸಿ ಬಂದು ಮಲಗಿದ್ದವನು. ಕಣ್ಣುಗಳು ಕೆಂಪಗಿದ್ದವು.

"ಒಂದು ಗಳಿಗೆ ನಿದ್ದೆ ಮಾಡಕ್ಕೆ ಬಿಡಲ್ವಲ್ಲ!"

"ಊಟನಾದ್ರೂ ಮಾಡಿ" ಎಂದಳು ಅಮ್ಮ.

"ಹಸಿವಾದ್ರೆ ತಾನೇ? ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಕಾರ್ಖಾನೆ ಕೂಗಿದ ಹಾಗೆ ಕುಣಿಯೋಕೆ ಹೊಟ್ಟೆ ಕೇಳ್ಬೇಕಲ್ಲ!"

ಪುಟ್ಟಲಕ್ಷ್ಮಿ ಅಪ್ಪನನ್ನು ನೋಡಿದಳು. ಆಡನ್ನು ನೋಡಿದಳು.

"ಅಮ್ಮಾ, ಇದಕ್ಕೂ ಹಂಗೇ ಆಗಿದೆ!"

"ಯಾವುದಕ್ಕೇ?"

"ಆಡಿಗೆ! ಅಪ್ಪ ಬರೋ ಹೊತ್ತಿಗೇ ಅಲ್ವಾ ನಾವು ಹಾಲು ಕರೆಯೋದು? ವಾರಕ್ಕೊಂದು ಟೈಮು. ಕೆಲವು ದಿನ ಕೆಚ್ಚಲು ಕಲ್ಲಾಗಿರತ್ತೆ, ಕೆಲವು ದಿನ ಹಾಲೇ ಇರಲ್ಲ. ಅದಕ್ಕೂ ಶಿಫ್ಟು ಹಾಕಿದೀವಿ."

"ನಿಮ್ಮಪ್ಪನ ಕಾಫಿಗೆ ಆಗಷ್ಟೇ ಕರೆದ ಹಾಲು ಬೇಡ್ವೇನೇ?" ಅಮ್ಮನ ದನಿ ಏರಿತು.

"ನಂಗೆ ಬೆಲ್ಲದ ಕಾಫಿ ಸಾಕು. ಅದನ್ನ ಅದರ ಹೊತ್ತಿಗೆ ಕರಿಯೇ ಮಾರಾಯ್ತಿ" ಎಂದು ಅಪ್ಪ ಮತ್ತೆ ಒಳಗೆ ಹೋದ.

ಮಾರನೆಯ ದಿನದಿಂದ ಬೆಳಕು ಹರಿಯುವಾಗ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ ಹಾಲು ಕರೆಯುವುದು ಎಂದಾಯಿತು. ಆಡೇನು ತಕ್ಷಣ ಒಪ್ಪಲಿಲ್ಲ. ಒದೆಯಿತು, ಸೆರಗು ಜಗಿಯಿತು, ಪುಟ್ಟಲಕ್ಷ್ಮಿಯನ್ನು ಸ್ಕೂಲಿಗೆ ಲೇಟು ಮಾಡಿಸಿ ಮೇಷ್ಟ್ರಿಂದ ಬೈಸಿತು. ಸಂತೆಯ ದಿನ ಅವಳು ಆಡಿನ ಹಗ್ಗವನ್ನು ಬಿಗಿಹಿಡಿದು ನಿಂತಳು. ಅಮ್ಮ ನೋಡಿ, ಬರೀ ತರಕಾರಿ ಬುಟ್ಟಿ ಎತ್ತಿಕೊಂಡು ಹೋದಳು.

ಬರಬರುತ್ತಾ ಆಡು ಆ ಹೊತ್ತಿಗೆ ತಾನೇ ಬಂದು ನಿಲ್ಲತೊಡಗಿತು. ಚೊಂಬಿನಲ್ಲಿ ನೊರೆ ಏರಿತು. ಉಪ್ಪು ಹೋಯಿತು. ತಮ್ಮ ಗಟಗಟ ಕುಡಿದು ಇನ್ನೂ ಬೇಕೆಂದು ಕೈಕಾಲು ಬಡಿದ.

ಅಪ್ಪನಿಗೆ ಮತ್ತೆ ರಾತ್ರಿ ಶಿಫ್ಟು ಬಂತು. ಬೆಳಗ್ಗೆ ಬಂದವನು ತಟ್ಟೆಯ ಮುದ್ದೆಯನ್ನು ಮುರಿದೂ ಮುರಿಯದ ಹಾಗೆ ಬಿಟ್ಟೆದ್ದ. ಮುಖಕ್ಕೆ ಟವಲು ಹಾಕಿಕೊಂಡು ಮಲಗಿ, ಮಗ್ಗುಲು ಬದಲಿಸುತ್ತಲೇ ಇದ್ದ. ಆಡಿಗೊಂದು ಹೊತ್ತು ಗೊತ್ತುಮಾಡಿಕೊಟ್ಟಾಯಿತು. ಅಪ್ಪನಿಗೆ ಮಾಡಿಕೊಡುವವರು ಯಾರು?

ಪುಟ್ಟಲಕ್ಷ್ಮಿ ಸದ್ದಿಲ್ಲದೆ ಬಾಗಿಲು ಮುಂದೆಮಾಡಿದಳು. ತಮ್ಮನನ್ನು ಕಂಕುಳಿಗೆ ಏರಿಸಿಕೊಂಡು ಬೀದಿಯ ಕೊನೆಯ ಹೊಂಗೆಮರದ ಕಡೆ ಹೊರಟಳು.

"ಬಿಸಿಲಲ್ಲಿ ಮಗೂನ ಎಲ್ಲಿಗೇ ಕರ್ಕೊಂಡು ಹೋಗ್ತೀಯಾ?" ಕರಿಬಸಮ್ಮ ಬೇಲಿಯಾಚೆಯಿಂದ ಕೂಗಿದಳು.

"ಮೆಲ್ಲಗೆ ಮಾತಾಡಿ ಅಜ್ಜಿ" ಎಂದಳು ಪುಟ್ಟಲಕ್ಷ್ಮಿ. "ನಮ್ಮಪ್ಪಂಗೆ ಈಗ ರಾತ್ರಿ."