ಒಂಬತ್ತನೇ ತೊಟ್ಟಿಯ ಜುಮ್ಮು

ಶಿಡ್ಲಘಟ್ಟದ ಆ ರೇಷ್ಮೆ ಘಟಕದ ಗೋಡೆಯ ಮೇಲೆ, ಮೋಟಾರು ನಡೆಸುತ್ತಿದ್ದ ಹಳೆಯ ಇನ್ವರ್ಟರಿನ ಬದಲಿಗೆ ಬಂದ ಮುನ್ನೋಟ ನಿಯಂತ್ರಕವು ಹಸಿರು ದೀಪ ಹೊತ್ತಿಸಿಕೊಂಡು ಹತ್ತು ನಿಮಿಷವಾಗಿತ್ತು. ನೂಲು ಬಿಚ್ಚುವ ಮುನಿನಂಜಮ್ಮ ಒಂಬತ್ತನೇ ತೊಟ್ಟಿಯ ಕಬ್ಬಿಣದ ಚೌಕಟ್ಟಿನ ಮೇಲೆ ಅಂಗೈಯಿಟ್ಟಳು. ಏನೂ ಇಲ್ಲ. ಇನ್ನೊಂದು ಕೈ ಇಟ್ಟಳು. ಅದಕ್ಕೂ ಇಲ್ಲ.

ಇಪ್ಪತ್ತೆರಡು ವರ್ಷ ಬಿಸಿನೀರಿನಲ್ಲಿ ಗೂಡು ತಡಕಾಡಿ ಅವಳ ಬೆರಳುಗಳಿಗೆ ಸುಡುವುದೂ ತಿಳಿಯುತ್ತಿರಲಿಲ್ಲ, ಎಳೆಯೂ ತಿಳಿಯುತ್ತಿರಲಿಲ್ಲ. ಎಳೆಯನ್ನು ಕಣ್ಣಿನಿಂದಲೇ ಹುಡುಕುತ್ತಿದ್ದಳು. ಗೊತ್ತಾದರೆ ಕೆಲಸ ಹೋಗುತ್ತದೆಂದು ಯಾರಿಗೂ ಹೇಳಿರಲಿಲ್ಲ. ಹಳೆಯ ಇನ್ವರ್ಟರಿನಿಂದ ಚೌಕಟ್ಟಿಗೆ ಸೋರುವ ಕರೆಂಟಿನ ಜುಮ್ಮೊಂದೇ ಆ ಕೈಗೆ ತಾಗುತ್ತಿದ್ದದ್ದು. ದಿನಾ ಬೆಳಗ್ಗೆ ಮುಟ್ಟಿ, ಕೈಗೆ ಇನ್ನೂ ಜೀವವಿದೆ ಎಂದುಕೊಂಡು ಕೂರುತ್ತಿದ್ದಳು.

ನಿಯಂತ್ರಕವನ್ನು ರೂಪಿಸಿದ ಡಾ. ಹರಿಣಿ, ಘಟಕದ ಮಾಲೀಕ ಅತಾವುಲ್ಲಾರಿಗೆ ವಿವರಿಸುತ್ತಿದ್ದಳು. “ಮೋಟಾರಿಗೆ ಮೂರು ತಂತಿ. ಮೂರೂ ಒಟ್ಟಿಗೆ ಒಂದೇ ಕಡೆ ವಾಲಿದಾಗ ಹುಟ್ಟುವ ಸಹವೋಲ್ಟೇಜು ಏನನ್ನೂ ತಿರುಗಿಸುವುದಿಲ್ಲ. ಯಂತ್ರದ ಮೈಗೆ ಸೋರುತ್ತದೆ, ಬೇರಿಂಗು ತಿನ್ನುತ್ತದೆ. ಇದು ಮುಂದಿನ ಕ್ಷಣವನ್ನು ಮೊದಲೇ ಲೆಕ್ಕ ಹಾಕಿ, ಆ ತಂತಿಗಳಿಗೆ ಕರೆಂಟು ಬಿಡುವ ಎಂಟು ದಾರಿಗಳಲ್ಲಿ ಅಂಥ ಎರಡನ್ನು ಬಿಟ್ಟುಬಿಡುತ್ತದೆ.”

“ಲೆಕ್ಕ ನಂಗ್ಯಾಕೆ ಮೇಡಂ? ಮುನಿನಂಜಮ್ಮನ ಕೈ ಕೇಳಿ. ಕರೆಂಟು ಅವಳಿಗೆ ತವರುಮನೆ ಕಡೆ ನೆಂಟ!”

“ಜುಮ್ ಅನ್ನುತ್ತಾ?” ಎಂದು ಹರಿಣಿ ಕೇಳಿದಳು.

ಇಲ್ಲ ಎಂದರೆ ಕೈ ಸತ್ತದ್ದು ಬಯಲಾಗುತ್ತದೆ. “ಅಂತೈತೆ,” ಎಂದಳು ಮುನಿನಂಜಮ್ಮ.

ಸೋರಿಕೆ ಅಳೆಯುವ ಮಾಪಕದ ಮುಳ್ಳು ಸೊನ್ನೆಯ ಹತ್ತಿರವೇ ಇತ್ತು. ಹರಿಣಿ ಮೂರು ಸಲ ಏನೇನೋ ಬದಲಿಸಿದಳು. ಮೂರು ಸಲವೂ “ಅಂತೈತೆ.”

“ಮತ್ತೆ ಈ ಡಬ್ಬ ಯಾಕೆ? ತಗೊಂಡು ಹೋಗಿ,” ಎಂದರು ಅತಾವುಲ್ಲಾ.

ಹರಿಣಿ ಹಳೆಯ ಇನ್ವರ್ಟರನ್ನು ಜೋಡಿಸಿ ಸ್ವಿಚ್ ಒತ್ತಿದಳು. ಮುನಿನಂಜಮ್ಮನ ಅಂಗೈಯಿಂದ ಮೊಣಕೈವರೆಗೆ ಇರುವೆ ಸಾಲು ಹರಿದಂತಾಯಿತು. ಹಾಗಾದರೆ ಕೈ ಸತ್ತಿರಲಿಲ್ಲ.

“ಈಗ?”

“ಈಗ ಐತೆ. ಆಗ ಇರ್ಲಿಲ್ಲ ಮೇಡಂ. ನನ್ ಕೈಯೇ ಸತ್ತೋಯ್ತು ಅನ್ಕೊಂಡು ಸುಳ್ಳು ಹೇಳ್ದೆ. ಇದು ಬಿಟ್ರೆ ಬೆರಳಿಗೆ ಇನ್ನೇನೂ ಗೊತ್ತಾಗಲ್ಲ.”

ಅತಾವುಲ್ಲಾ ಕುದಿಯುವ ತೊಟ್ಟಿಯನ್ನೂ ಅವಳ ಬೆರಳುಗಳನ್ನೂ ನೋಡಿದರು. “ನಾಳೆಯಿಂದ ಗೂಡು ಆರಿಸೋ ಕಡೆ ಕೂತ್ಕೋ,” ಎಂದಷ್ಟೇ ಹೇಳಿ ಹೊರಗೆ ಹೋದರು. ಆ ಕಡೆ ಕೂಲಿ ಅರ್ಧ. ಮುನಿನಂಜಮ್ಮನಿಗೆ ಅಳುವೂ ಬರಲಿಲ್ಲ.

ಹರಿಣಿ ಹಳೆಯ ಇನ್ವರ್ಟರನ್ನು ನಿಲ್ಲಿಸಲು ಸ್ವಿಚ್ಚಿಗೆ ಕೈ ಹಾಕಿದಳು.

“ಒಸಿ ತಡೀರಮ್ಮ,” ಎಂದಳು ಮುನಿನಂಜಮ್ಮ, ಚೌಕಟ್ಟಿನ ಮೇಲಿನ ಕೈ ತೆಗೆಯದೆ.

ಹರಿಣಿ ಸ್ವಿಚ್ಚಿನಿಂದ ಕೈ ತೆಗೆದು, ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತಳು.