ರಾಮದುರ್ಗದಿಂದ ಹಿಡಿದಿಟ್ಟ ಸೀಟು

"ಏಳ್ರಿ ಮ್ಯಾಲೆ! ಅದು ನನ್ನ ಸೀಟು!"

ಬೈಲಹೊಂಗಲದ ಬಸ್ ನಿಲ್ದಾಣ. ಕಾರವಾರಕ್ಕೆ ಹೊರಟ ಬಸ್ಸಿನೊಳಗೆ ಮಾಲಾ ಏದುಸಿರು ಬಿಡುತ್ತಾ ನಿಂತಿದ್ದಳು. ಎದೆಗೆ ಅವಚಿಕೊಂಡಿದ್ದ ಹೊಲಿಗೆ ಮಷೀನು ಕೂಸಿನ ಹಾಗೆ ಜಾರುತ್ತಿತ್ತು.

ಸೀಟಿನಲ್ಲಿದ್ದವನು ನಿಧಾನವಾಗಿ ತಲೆಯೆತ್ತಿದ. ಅವನ ಬೆರಳುಗಳಿಗೆ ಹಸಿರು ಬಣ್ಣ ಮೆತ್ತಿತ್ತು.

"ಸೀಟಿನ ಮ್ಯಾಲೆ ಹೆಸರು ಬರದಾರೇನ್ರಿ?"

"ಹೆಸರ್ಯಾಕ? ಕಿಟಕ್ಯಾಗಿಂದ ಟವೆಲ್ ಒಗದೇನಿ. ಅದರ ಮ್ಯಾಲೇನ ಕುಂತೀರಿ ನೀವು!"

ಅವನು ಕೊಂಚ ಸರಿದು ಕೆಳಗಿನಿಂದ ಎಳೆದ. ಹೌದು... ಕೆಂಪು ಚೌಕಳಿಯ ಟವೆಲ್ಲು. ಅಂಚಿಗೆ ನೀಲಿ ದಾರದ ಹೊಲಿಗೆ. ಅಕ್ಕಪಕ್ಕದವರು ನಕ್ಕುಬಿಟ್ಟರು.

"ತಪ್ಪಾತ್ರಿ ಬಾಯಾರ... ರಾಮದುರ್ಗದಿಂದ ನಿಂತ ಬಂದಿದ್ದೆ, ಟವೆಲ್ ನೋಡದನ ಕುಂತೆ" ಎನ್ನುತ್ತಾ ಅವನು ಕೋಲು ಹಿಡಿದು ಎದ್ದ. ಎಡಗಾಲು ಮಡಚುತ್ತಲೇ ಇರಲಿಲ್ಲ.

ಮಾಲಾಳ ಸಿಟ್ಟು ಸರ್ರನೆ ಇಳಿಯಿತು. 'ಅಯ್ಯೋ, ಎಂಥಾ ಮಾತು ಆಡಿಬಿಟ್ಟೆ!'

"ಕುಂಡರ್ರಿ, ಕುಂಡರ್ರಿ. ನಾ ನಿಂದರತೇನಿ."

"ನಿಮ್ಮ ಉಸರು ಕೇಳಿದ್ರ ನನಗ ದಮ್ಮು ಹತ್ತತೈತಿ. ನೀವ ಕುಂಡರ್ರಿ!"

ಕೊನೆಗೆ ಪಕ್ಕದವರು ಎದ್ದು ಜಾಗ ಕೊಟ್ಟರು. ಇಬ್ಬರೂ ಕುಳಿತರು. ನಡುವೆ ಹೊಲಿಗೆ ಮಷೀನು!

ಅದು ಹೋದ ಚಳಿಗಾಲದ ಮಾತು.

ಮಾಲಾಳಿಗೆ ಉಬ್ಬಸ. ಚಳಿ ಬಿದ್ದರೆ ಸಾಕು, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಬೆಳಗು ಮಾಡಬೇಕು. "ಚಳಿಗಾಲ ಮುಗಿಯೂತನ ಸಮುದ್ರದ ದಂಡ್ಯಾಗ ಇರ್ರಿ" ಎಂದಿದ್ದರು ಡಾಕ್ಟರು. ಗಂಡ ತೀರಿಹೋದ ಮೇಲೆ ಅವಳಿದ್ದದ್ದು ತಮ್ಮನ ಮನೆಯಲ್ಲಿ. ತಮ್ಮನ ಹೆಂಡತಿ ಮೂಗು ಮುರಿದಿದ್ದಳು: "ಶ್ರೀಮಂತರ ಚಾಳಿ! ಸಮುದ್ರದ ಗಾಳಿನೋ, ಮತ್ಯಾವ ಗಾಳಿನೋ..."

ಕಾರವಾರದಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಯೂ ಹೊಲಿಗೆ ಮಾಡಿಯೇ ಉಣ್ಣುತ್ತೇನೆ ಎಂದು ಮಷೀನನ್ನೇ ಹೊತ್ತು ಹೊರಟಿದ್ದಳು ಮಾಲಾ.

ಅವನು ಭೀಮಶಿ. ರಾಮದುರ್ಗದ ಹತ್ತಿರದ ಸುರೇಬಾನದವನು, ಬೋರ್ಡು ಬರೆಯುವ ಪೇಂಟರ್. ಏಣಿಯಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡಿದ್ದ. ಚಳಿಯಲ್ಲಿ ಆ ಕಾಲು ಕಟ್ಟಿಗೆಯಾಗುತ್ತಿತ್ತು. ಅದಕ್ಕೇ ಪ್ರತಿ ಚಳಿಗಾಲ ಕಾರವಾರಕ್ಕೆ ಬಂದು, ದೋಣಿಗಳಿಗೆ ಹೆಸರು ಬರೆದುಕೊಂಡಿರುತ್ತಿದ್ದ.

ಬೆಳಿಗ್ಗೆ ಅವನು ಬೆಚ್ಚನೆಯ ಉಸುಕಿನಲ್ಲಿ ಕಾಲು ಹೂತು ಕೂರುತ್ತಿದ್ದ. ಅವಳು ದಂಡೆಯುದ್ದಕ್ಕೂ ನಡೆಯುತ್ತಿದ್ದಳು.

"ಈಗ ಊರಾಗ ಮಂದಿ ಕಂಬಳಿ ಹೊತ್ಕೊಂಡು ಬೆಂಕಿ ಕಾಸಾಕ ಹತ್ತಿರತಾರ್ರಿ. ನಾವು ನೋಡ್ರಿ, ಬೆವರು ಒರಸಾಕ ಹತ್ತೇವಿ!"

ಮಾಲಾ ನಕ್ಕಳು. ನಗುತ್ತಲೇ ಇದ್ದಳು.

"ಟೇಲರ್ ಬಾಯಾರ... ನಕ್ಕ್ರಿ. ಆದ್ರ ಕೆಮ್ಮಲಿಲ್ಲ!"

ಹೌದಲ್ಲ! ಎಷ್ಟು ವರ್ಷವಾಗಿತ್ತು ಹೀಗೆ ಎದೆ ತುಂಬಾ ನಕ್ಕು!

ಎಳ್ಳ ಅಮಾವಾಸ್ಯೆಯ ದಿನ ಅವಳು ಸಜ್ಜಿ ರೊಟ್ಟಿ ತಟ್ಟಿದ್ದಳು. ಊರಿನಲ್ಲಾದರೆ ಹೊಲಕ್ಕೆ ಹೋಗಿ, ಭೂಮಿತಾಯಿಗೆಂದು ಅಡಿಗೆಯ ತುತ್ತು ಎರಚಿ ಚರಗ ಚೆಲ್ಲುವ ಹಬ್ಬ. ಇಲ್ಲಿ ಹೊಲವೆಲ್ಲಿ? ಇಬ್ಬರೂ ಸಮುದ್ರಕ್ಕೇ ಚರಗ ಚೆಲ್ಲಿದರು. ಹಕ್ಕಿಗಳು ಮುಗಿಬಿದ್ದು ತಿಂದವು.

'ಇವರಿಗೆ ಮನೆಯಲ್ಲಿ ಯಾರಿದ್ದಾರೋ...' ಕೇಳಬೇಕೆಂದು ನೂರು ಸಲ ಅನ್ನಿಸಿತ್ತು. ಕೇಳಲಿಲ್ಲ. 'ಹೆಂಡತಿ ಇದ್ದಾಳೆ' ಎಂದುಬಿಟ್ಟರೆ? ಈ ನಗು ಎಲ್ಲಿಗೆ ಹೋಗಬೇಕು?

ಹೊರಡುವ ದಿನ ಭೀಮಶಿ ಕೇಳಿದ್ದ. "ಮುಂದಿನ ಚಳಿಗಾಲಕ್ಕ ಬರತೀರೇನ್ರಿ?"

"ನೋಡೋಣ್ರಿ."

ಅಷ್ಟೇ ಬಾಯಿಗೆ ಬಂದದ್ದು! ಅವನ ಮುಖ ಸಣ್ಣದಾಗಿತ್ತು. ಆ ಗಡಿಬಿಡಿಯಲ್ಲಿ ಟವೆಲ್ಲನ್ನೂ ಎಲ್ಲೋ ಮರೆತು ಬಂದಿದ್ದಳು.

ಆಮೇಲೆ ವರ್ಷವಿಡೀ ಮೊಬೈಲಿನಲ್ಲಿ ಹೂವಿನ ಚಿತ್ರ, 'ಶುಭೋದಯ'. ಇಬ್ಬರೂ ಅದರಾಚೆ ಒಂದಕ್ಷರ ದಾಟಲಿಲ್ಲ. ಮತ್ತೆ ಚಳಿ ಬಿದ್ದಾಗ ಮಾತ್ರ ಅವನು ಕೇಳಿದ್ದ: 'ಯಾವಾಗ ಹೊರಡತೀರಿ?'

'ಶುಕ್ರವಾರ. ಮುಂಜಾನೆ ಬಸ್ಸಿಗೆ.'

ಇವತ್ತೇ ಆ ಶುಕ್ರವಾರ.

ರಾಮದುರ್ಗದಿಂದ ಸವದತ್ತಿಯ ಮೇಲೆ ಬಂದ ಬಸ್ಸು ಬೈಲಹೊಂಗಲ ಮುಟ್ಟುವಷ್ಟರಲ್ಲಿ ತುಂಬಿ ತುಳುಕುತ್ತಿತ್ತು. ಮಷೀನು ಎತ್ತಿಕೊಂಡು ಹತ್ತಿದ ಮಾಲಾಳನ್ನು ಜನ ತಳ್ಳುತ್ತಾ ಹಿಂದಕ್ಕೆ ಒಯ್ದರು.

ಅಲ್ಲಿ, ಜನರ ನಡುವೆ, ಭೀಮಶಿ ಕಂಡ! ಕಿಟಕಿಯಿಂದ ಕತ್ತು ಹೊರಹಾಕಿ ಯಾರನ್ನೋ ಹುಡುಕುತ್ತಿದ್ದ. ಪಕ್ಕದ ಸೀಟು ಖಾಲಿ. ಅದರ ಮೇಲೆ ಅವನ ಚೀಲ.

ಅವಳ ಎದೆ ಹಿಗ್ಗಿತು. 'ನನಗಾಗಿಯೇ...?'

ಅಷ್ಟರಲ್ಲಿ ಮುದುಕಿಯೊಬ್ಬಳು ಗದರಿದಳು. "ಏ ತಮ್ಮಾ, ಚೀಲಾ ತಗಿ. ಕುಂಡರತೇನಿ."

"ಇಲ್ಲಬೇ ಯವ್ವಾ. ಆ ಸೀಟಿಗೆ ನನ್ನ ಹೆಂಡ್ತಿ ಬರಾಕಿ ಅದಾಳ."

ಹೆಂಡ್ತಿ!

ಮಾಲಾ ಅಲ್ಲಿಯೇ ಕಲ್ಲಾದಳು. ಇಳಿದುಬಿಡೋಣವೆಂದರೆ ಬಸ್ಸು ಹೊರಟೇಬಿಟ್ಟಿತು. ಸೊಂಟದ ಸಂಚಿಯಲ್ಲಿ ಮೊಬೈಲು ನಡುಗಿತು. 'ಭೀಮಶಿ ಪೇಂಟರ್'. ಹೆಂಡತಿಯನ್ನು ಪರಿಚಯ ಮಾಡಿಸಬೇಕೇನೋ... ಅವಳು ಅದರ ಬಾಯಿ ಮುಚ್ಚಿಸಿದಳು. ಮತ್ತೆ ನಡುಗಿತು. ಮತ್ತೆ ಮುಚ್ಚಿಸಿದಳು.

"ಎಲ್ಲಿಗ್ರಿ?" ಕಂಡಕ್ಟರ್ ಪರಶು ಬಂದು ನಿಂತಿದ್ದ.

"ಕಿ... ಕಿತ್ತೂರ."

"ಇಷ್ಟು ದೊಡ್ಡ ಮಷೀನ್ ಹೊತ್ಕೊಂಡು ಕಿತ್ತೂರಿಗಾ?"

ಅವಳು ಟಿಕೀಟು ಇಸಿದುಕೊಂಡಳು. ಕಿತ್ತೂರಿನಲ್ಲಿ ಇಳಿದು ತಿರುಗಿ ಮನೆಗೆ. ಅದೇ ಚಳಿ, ಅದೇ ಗೋಡೆ, ಅದೇ ಕೊಂಕುಮಾತು. ಇರಲಿ. ಇವರಿಬ್ಬರನ್ನು ಆ ದಂಡೆಯ ಮೇಲೆ ನೋಡುವುದಕ್ಕಿಂತ ಉಸಿರು ನಿಂತರೂ ಚಿಂತೆಯಿಲ್ಲ!

ಕಿತ್ತೂರು ಹತ್ತಿರ ಬಂತು. ಅವಳು ಮಷೀನು ಎತ್ತಿಕೊಂಡು ಬಾಗಿಲ ಕಡೆಗೆ ಸರಿಯತೊಡಗಿದಳು. ಮುದುಕಿಯ ದನಿ ಮತ್ತೆ ಎದ್ದಿತು.

"ಬೈಲಹೊಂಗಲ ದಾಟಿತೋ ತಮ್ಮಾ. ಎಲ್ಲಿ ನಿನ್ನ ಹೆಂಡ್ತಿ? ಲಗ್ನರ ಆಗೇತಿಲ್ಲೋ ನಿಂದು?"

ಸುತ್ತಲಿನವರು ಘೊಳ್ಳೆಂದು ನಕ್ಕರು. ಭೀಮಶಿ ನಗಲಿಲ್ಲ.

"ಆಗಿಲ್ಲಬೇ."

"ಆಂ?"

"ಸುಳ್ಳು ಹೇಳಿದೆ. ರಾಮದುರ್ಗದಾಗ 'ಪರಿಚಯದವರು ಬರತಾರ' ಅಂದೆ. ಮಂದಿ ನಕ್ಕರು. ಸವದತ್ತ್ಯಾಗ 'ಬೀಗರು' ಅಂದೆ. ಒಬ್ಬಾಂವ ಕುಂತೇಬಿಟ್ಟ, ಎಬ್ಬಸೂದ್ರಾಗ ಸಾಕಾತು. ಕಡೀಕೆ 'ಹೆಂಡ್ತಿ' ಅಂದೆ. ಆವಾಗ ಯಾರೂ ಹತ್ರ ಬರಲಿಲ್ಲ."

"ಅಬಬಾ! ಹಂಗಾದ್ರ ಬರೋರು ಯಾರ?"

ಅವನು ಕಿಟಕಿಯ ಕಡೆಗೆ ಮುಖ ತಿರುಗಿಸಿದ. "ಅವರಿಗೆ ದಮ್ಮೈತಿಬೇ. ನಿಂದ್ರಾಕ ಆಗೂದಿಲ್ಲ. ಹೋದ ವರ್ಷ ಅವರ ಸೀಟಿನ್ಯಾಗ ನಾ ಕುಂತಿದ್ದೆ, ಈ ವರ್ಷ ತಿರುಗಿ ಕೊಡೂಣಂತ ಇದ್ದೆ. ಬರಲಿಲ್ಲ... ಫೋನೂ ಎತ್ತವಲ್ಲರು. ಬಾರಬೇ, ನೀನ ಕುಂಡರು."

ಅವನು ಚೀಲ ಎತ್ತಿದ.

ಚೀಲದ ಕೆಳಗೆ... ಕೆಂಪು ಚೌಕಳಿಯ ಟವೆಲ್ಲು! ಅಂಚಿಗೆ ನೀಲಿ ದಾರ! ತನ್ನದೇ ಕೈಯ ಹೊಲಿಗೆ!

ಮುದುಕಿ ಕೂರಲು ಬಗ್ಗಿದಳು.

"ನಿಂದರ್ರಿ! ಅದು ನನ್ನ ಸೀಟು!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮಷೀನು ಅವಚಿಕೊಂಡು, ಜನರನ್ನು ಸೀಳಿಕೊಂಡು, ಕಣ್ಣೀರು ಸುರಿಸುತ್ತಾ, ನಗುತ್ತಾ ಮಾಲಾ ಬಂದಳು!

"ಟವೆಲ್ ನಂದು. ಸೀಟು ನಂದು. ಯಾರಿಗೂ ಬಿಟ್ಟುಕೊಡಾಂಗಿಲ್ಲ ನಾ!"

ಭೀಮಶಿ ಕೋಲನ್ನೂ ಮರೆತು ಎದ್ದು ನಿಂತ. "ನೀವು... ಬಸ್ಸಿನ್ಯಾಗ ಇದ್ದಿರೇನು? ಎಲ್ಲಾ ಕೇಳಿದ್ರಾ?"

"ಎಲ್ಲಾ ಕೇಳಿದೆ."

ಮುದುಕಿ ಗಲ್ಲಕ್ಕೆ ಕೈ ಹಚ್ಚಿದಳು. "ಯವ್ವಾ ತಾಯೀ! ರಾಮದುರ್ಗದಿಂದ ನಿನ್ನ ಸಲುವಾಗಿ ಇಡೀ ಬಸ್ಸಿನ ಕೂಡ ಜಗಳಾ ಮಾಡಿಕೋತ ಬಂದಾನ. ಕುಂಡರವಾ ಜಲ್ದಿ!"

"ಕಿತ್ತೂರ ಬಂತು! ಮಷೀನಿನವರು ಇಳೀರಿ!" ಪರಶು ಕೂಗಿದ.

"ನಾ ಇಳಿಯಾಂಗಿಲ್ಲ. ಟಿಕೀಟು ಮುಂದಕ್ಕ ಹರೀರಿ. ಕಾರವಾರಕ್ಕ!"

ಬಸ್ಸಿನಲ್ಲಿ ಸೀಟಿ, ಚಪ್ಪಾಳೆ! ಇಳಿದವರ ಜಾಗದಲ್ಲಿ ಮುದುಕಿಯೂ ಕೂತಳು. ಬಸ್ಸು ಮತ್ತೆ ಹೊರಟಿತು. ಮಷೀನು ಈ ಸಲ ಇಬ್ಬರ ನಡುವೆ ಇರಲಿಲ್ಲ, ಅವನ ತೊಡೆಯ ಮೇಲಿತ್ತು.

"ಹೆಂಡ್ತಿ ಅಂದದ್ದಕ್ಕ ಸಿಟ್ಟು ಬಂತೇನ್ರಿ?" ಭೀಮಶಿ ಮೆಲ್ಲಗೆ ಕೇಳಿದ.

"ಬಂದಿತ್ತು. ಆಕಿ ಬ್ಯಾರೆ ಯಾರೋ ಅಂತ ತಿಳಕೊಂಡಿದ್ದೆ."

ಅವನಿಗೆ ಮಾತು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ಕಿವಿಯ ತುದಿಯವರೆಗೂ ಕೆಂಪಾದ.

"ಹಂಗಾದ್ರ ಮುಂದಿನ ಚಳಿಗಾಲಕ್ಕ... ನೀವು ಬೈಲಹೊಂಗಲದಾಗ ಹತ್ತಬ್ಯಾಡ್ರಿ."

"ಮತ್ತ?"

"ರಾಮದುರ್ಗದಾಗನ ಹತ್ತೂಣು. ನಮ್ಮ ಮನಿಯಿಂದ, ಇಬ್ಬರೂ ಕೂಡಿ." ಅವನು ಅಂಜುತ್ತಾ ಅವಳ ಮುಖ ನೋಡಿದ. "ಕೈ ಮುಗೀತೇನಿ, 'ನೋಡೋಣ್ರಿ' ಅಂತ ಮಾತ್ರ ಅನಬ್ಯಾಡ್ರಿ."

ಮಾಲಾ ಎದೆ ತುಂಬಾ ಉಸಿರೆಳೆದುಕೊಂಡಳು. ಸಮುದ್ರ ಇನ್ನೂ ಎಷ್ಟೋ ದೂರವಿತ್ತು. ಆದರೂ ಉಸಿರು ಎಲ್ಲಿಯೂ ತೊಡರಲಿಲ್ಲ.

"ಹತ್ತೂಣ್ರಿ," ಎಂದಳು. "ಆದ್ರ ಕಿಟಕಿ ಸೀಟು ನಂದು!"