ಮಡಲು ಮನೆಯ ಬಾಡಿಗೆದಾರರು

“ಅಮ್ಮನವರೇ, ನನ್ನ ಮನೆಯಲ್ಲಿ ಒಂದು ಸರ್ಪವಿದೆ. ಅವರು ಯಾವಾಗಿನಿಂದ ಅಲ್ಲಿ ವಾಸವಾಗಿದ್ದಾರೆ?”

ಬೆಳ್ಳಂಬೆಳಗ್ಗೆ ನಮ್ಮ ಜಗಲಿಯೆದುರು ನಿಂತು ಕೈಮುಗಿದು ತೋಮಾಶ್ ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಹೆತ್ತವ್ವ, ಅವ್ವಿಯ ಕೈಯಿಂದ ಕಸಬರಿಗೆ ಬಿತ್ತು. ನಾನು ಬಾಯಿಗೆ ದುಪಟ್ಟಾ ಒತ್ತಿಕೊಂಡೆ.

“ಅದು ಕೇರೆ ಹಾವು ಮಾರಾಯ, ಎಂತಾ ಮಾಡೂದಿಲ್ಲ. ಇಲಿ ಹಿಡ್ಕಂಡು ಅದರಷ್ಟಕ್ಕೆ ಇರ್ತದೆ,” ಅಂದಳು ಅವ್ವಿ.

“ಓಹೋ. ಹಾಗಾದರೆ ನಾನು ಅವರಿಗೆ ಧನ್ಯವಾದ ಹೇಳುತ್ತೇನೆ.”

ಹೇಳಿಯೂ ಬಿಟ್ಟ! ಮನೆಯೊಳಗೆ ಹೋಗಿ, ಕತ್ತೆತ್ತಿ, ತಲೆ ಮೇಲಿನ ಮಾಡಿನ ಕಡೆ ನೋಡಿ, ಗಂಭೀರವಾಗಿ “ಧನ್ಯವಾದಗಳು” ಅಂದ. ಕಿಟಕಿಯಲ್ಲಿ ಇಣುಕುತ್ತಿದ್ದ ನಾನು ಆಗಲೇ ಅರ್ಧ ಮನಸೋತೆ ಅಂತ ಈಗ ಅನ್ನಿಸುತ್ತದೆ.

ತೋಮಾಶ್ ಝೆಕ್ ದೇಶದವನು. ಕಾಳಿ ನದಿ ಸಮುದ್ರ ಸೇರುವಲ್ಲಿನ ಏಡಿಗಳ ಬಗ್ಗೆ ಅಭ್ಯಾಸ ಮಾಡಲು ಒಂದು ವರ್ಷದ ಮಟ್ಟಿಗೆ ಕಾರವಾರಕ್ಕೆ ಬಂದಿದ್ದ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರಿಂದ ಮಾತೆಲ್ಲ ಶಾಲೆ ಮಾಸ್ತರರ ಹಾಗೆ. ಪೇಟೆಯ ಗದ್ದಲ ಆಗಿಬರದೆ, ಶೆಟಗೇರಿಯಲ್ಲಿ ನಮ್ಮ ಹೆಂಚಿನ ಮನೆಯ ಹಿಂದಿದ್ದ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದ. ಮಣ್ಣಿನ ಗೋಡೆ, ಹೆಣೆದ ತೆಂಗಿನ ಮಡಲು ಹೊದಿಸಿದ ಮಾಡು. ಅಂಥ ಮನೆಯಲ್ಲಿ ಮನುಷ್ಯನೊಬ್ಬನೇ ಎಲ್ಲಿರುತ್ತಾನೆ?

ಕಾರವಾರದ ಔಷಧಿ ಅಂಗಡಿಯಲ್ಲಿ ನನಗೆ ಕೆಲಸ. ಇಬ್ಬರದೂ ಒಂದೇ ಬಸ್ಸು. ದಿನಾ ಬೆಳಿಗ್ಗೆ ಅವನ ಮನೆಯ ವರ್ತಮಾನ ಕೇಳುವುದೇ ನನಗೊಂದು ತಿಂಡಿ.

“ಸುನೀತಾ, ನಿಮ್ಮ ಕೋಳಿ ನನ್ನ ಬೂಟಿನಲ್ಲಿ ಮೊಟ್ಟೆ ಇಟ್ಟಿದೆ.”

“ಹಂಗಾರೆ ಇವತ್ತು ಚಪ್ಪಲಿಲಿ ಬಂದ್ರಾ?”

“ಹೌದು. ಅವಳು ಕಾವಿಗೆ ಕೂತಿದ್ದಾಳೆ. ಎಬ್ಬಿಸುವುದು ಸಭ್ಯತೆಯಲ್ಲ.”

ನಾನು ನಕ್ಕರೆ ಅವನು ಕಿಟಕಿಯ ಕಡೆ ತಿರುಗುತ್ತಿದ್ದ. ಆದರೆ ಗಾಜಿನಲ್ಲಿ ನನ್ನನ್ನೇ ನೋಡುತ್ತಿದ್ದ ಕಳ್ಳ! ಗಾಜಿನಲ್ಲೇ ನನ್ನ ಕಣ್ಣಿಗೆ ಸಿಕ್ಕಿಬಿದ್ದಾಗ ಅವನ ಕಿವಿಗಳು ಕೆಂಪಾಗುತ್ತಿದ್ದವು. ಊರವರೆಲ್ಲ ಅವನನ್ನು ‘ತೋಮಣ್ಣ’ ಎಂದು ಕರೆದರೂ, ಅವನ ಹೆಸರಿಗೆ ‘ಅಣ್ಣ’ ಸೇರಿಸಲು ನನ್ನ ನಾಲಿಗೆ ಮಾತ್ರ ಒಪ್ಪಲಿಲ್ಲ.

ಬಚ್ಚಲ ಹಂಡೆಯ ಹಿಂದಿನ ಕಪ್ಪೆಗೆ ಅವನು ಸ್ನಾನಕ್ಕೆ ಮುಂಚೆ “ಕ್ಷಮಿಸಿ” ಅನ್ನುತ್ತಿದ್ದ. ಇಷ್ಟೆಲ್ಲ ಕಂಡು ನನಗೆ ಒಂದೇ ಕೊರಗು. ಜುಲೈಗೆ ಅವನ ವರ್ಷ ಮುಗಿಯುತ್ತದೆ. ಕಪ್ಪೆ, ಕೋಳಿ ಎಲ್ಲದರ ಜೊತೆ ಮಾತಾಡುವವನು ನನಗೊಂದು ಮಾತು ಹೇಳದೆ ಹೊರಟುಬಿಟ್ಟರೆ? ನಾನಾಗಿ ಕೇಳೋಣವೆಂದರೆ, ಬೇರೆ ಎಲ್ಲದಕ್ಕೂ ಮುಂದಿರುವ ನನ್ನ ಬಾಯಿ ಅಲ್ಲಿ ಮಾತ್ರ ಕಟ್ಟಿಹೋಗುತ್ತಿತ್ತು.

ಮೇ ಕೊನೆಗೆ ಹುಲಿಯಾ ಮಾವ ಬಂದ. ಅವ್ವಿಯ ಅಣ್ಣ, ಅಪ್ಪ ಹೋದ ಮೇಲೆ ನಮ್ಮ ಮನೆಗೆ ಹಿರಿಯನೂ ಅವನೇ. ಮಳೆಗೆ ಮುಂಚೆ ಹಳೆ ಮಡಲು ಬಿಚ್ಚಿ ಹೊಸದು ಹೊದಿಸುವುದು ಪ್ರತಿವರ್ಷ ಅವನದೇ ಕೆಲಸ. ಏಣಿ ಹತ್ತಿ ಒಂದು ಮೂಲೆ ಎತ್ತಿದವನೇ “ಅಯ್ಯೋ!” ಎಂದು ಇಳಿದ. ಒಳಗೆ ಪುನುಗು ಬೆಕ್ಕು, ನಮ್ಮೂರ ಬಾಯಲ್ಲಿ ಕಬ್ಬೆಕ್ಕು, ಮೂರು ಮರಿ ಹಾಕಿಕೊಂಡು ಮಲಗಿತ್ತು.

“ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ದಯವಿಟ್ಟು ಮಾಡು ಬಿಚ್ಚಬೇಡಿ,” ಎಂದು ತೋಮಾಶ್ ಗೋಗರೆದ.

“ಮಳೆ ನಿನ್ನ ಬೆಕ್ಕನ್ನ ಕೇಳ್ಕಂಡು ಬತ್ತದ್ಯಾ? ನಾಡಿದ್ದು ಬಿಚ್ಚೂದೇ ಸೈ,” ಅಂದಳು ಅವ್ವಿ.

ಮರುದಿನ ಸಂಜೆ ಅವನು ಬಂದದ್ದೇ ಬೇರೆ ರೀತಿ. ಬಿಳಿ ಅಂಗಿ, ಬಾಚಿದ ತಲೆ, ಕೈಯಲ್ಲಿ ಹರಿವಾಣ. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ಜುಟ್ಟು ಬಿಟ್ಟ ತೆಂಗಿನಕಾಯಿ. ತುಟಿ ಪಿಟಕ್ಕೆನ್ನದೆ ಅದನ್ನು ನಮ್ಮ ಹೊಸ್ತಿಲ ಮೇಲಿಟ್ಟು, ತಲೆ ತಗ್ಗಿಸಿ ನಿಂತ.

ನಮ್ಮ ಮನೆತನಗಳಲ್ಲಿ ಹೆಣ್ಣು ಕೇಳುವುದು ಹೀಗೆಯೇ. ಬಂದವರು ಬಾಯಿ ಬಿಡುವುದಿಲ್ಲ. ಹೊಸ್ತಿಲ ಮೇಲಿನ ಹರಿವಾಣವೇ ಮಾತು. ಮನಸ್ಸಿಲ್ಲದಿದ್ದರೆ ಹರಿವಾಣ ತಿರುಗಿ ಹೋಗುತ್ತದೆ. ಒಪ್ಪಿಗೆಯಾದರೆ ಹೆಣ್ಣಿನ ಕಡೆಯವರು ಕಾಯಿ ಒಡೆಯುತ್ತಾರೆ.

ಅವ್ವಿ ನನ್ನ ಮುಖ ನೋಡಿದಳು. ನಾನು ಕಂಬ ನೋಡಿದೆ. ಕೊನೆಗೆ ಅವ್ವಿ ಮೆತ್ತಗೆ, “ಹಿರಿಯರನ್ನ ಕೇಳಿ ಹೇಳ್ತೆ ತಮ್ಮಾ,” ಅಂದಳು. ಅವನು ಬಗ್ಗಿ ನಮಸ್ಕಾರ ಮಾಡಿದ. ಅವನ ಕಣ್ಣಲ್ಲಿ ನೀರಿತ್ತು!

ಮರುದಿನ ನಾನು ಹಸಿರು ಚೂಡಿದಾರ ತೊಟ್ಟು, ಅಬ್ಬಲಿಗೆ ದಂಡೆ ಮುಡಿದು ಬಸ್ಸು ಹತ್ತಿದೆ. ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ.

“ನಿಮ್ಮ ತಾಯಿ ಎಷ್ಟು ದೊಡ್ಡ ಮನಸ್ಸಿನವರು,” ಅಂದ. “ಒಂದು ಬೆಕ್ಕಿನ ವಿಷಯಕ್ಕೂ ಹಿರಿಯರನ್ನು ಕೇಳುತ್ತಾರೆ!”

“ಯಾವ ಬೆಕ್ಕು?”

“ನಮ್ಮ ಮಾಡಿನ ಬೆಕ್ಕು. ಮರಿಗಳು ದೊಡ್ಡವಾಗುವ ತನಕ ಸಮಯ ಕೊಡಿ ಎಂದು ಕೇಳಿದೆನಲ್ಲ? ಹೋದ ವಾರ ದಾರಿಯಲ್ಲಿ ಸಿಕ್ಕಿದ ನಿಮ್ಮ ಮಾವ ಹರಿವಾಣ ಹಿಡಿದು ಹೊರಟಿದ್ದರು. ದೊಡ್ಡ ಮಾತು ಕೇಳುವುದಿದ್ದರೆ ಹೀಗೇ ಹೋಗಬೇಕು ಎಂದರು.”

ಮಾವ ಹೊರಟಿದ್ದು ಮಗನಿಗೆ ಹೆಣ್ಣು ಕೇಳಲು. ಈ ಪುಣ್ಯಾತ್ಮನಿಗೆ ಅದನ್ನು ಹೇಳಬೇಕಾದವರು ಯಾರು? ನಾನು ಅಬ್ಬಲಿಗೆ ದಂಡೆ ಕಿತ್ತು ಪರ್ಸಿಗೆ ತುರುಕಿದೆ. ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನಿಂದ ಬಂದ ಬಸ್ಸು ಹತ್ತಿ ವಾಪಸು ಬಂದೆ. ದಾರಿಯುದ್ದಕ್ಕೂ ಅತ್ತೆ. ಕಂಡಕ್ಟರ್ ಟಿಕೆಟ್ ಕೊಟ್ಟು, ಚಿಲ್ಲರೆ ಕೇಳದೆ ಹೋದ.

ಮನೆಗೆ ಬಂದರೆ ಜಗಲಿಯಲ್ಲಿ ಅವ್ವಿ, ಮಾವ ಇಬ್ಬರೂ ಕೂತಿದ್ದರು.

“ಪರದೇಶಿ ಆದ್ರೆ ಎಂತಾ ಆಯ್ತು? ಹಾವಿಗೂ ಮರ್ಯಾದೆ ಕೊಡೂ ಗಂಡು ನಮ್ಮ ಹುಡ್ಗಿಗೆ ಕೊಡೂದಿಲ್ವ?” ಅನ್ನುತ್ತಿದ್ದ ಮಾವ. “ಸುನೀತಾ ಹ್ಞೂಂ ಅಂದ್ರೆ ನಂದೂ ಹ್ಞೂಂ.”

ಈ ಮಾತು ಕೇಳಿದ್ದೇ ನಾನು ಹರಿವಾಣ ಎತ್ತಿಕೊಂಡು ಹಿಂದಿನ ಮನೆಗೆ ನಡೆದೆ. ಅವನೂ ಗಾಬರಿಯಿಂದ ನನ್ನ ಹಿಂದೆಯೇ ಇನ್ನೊಂದು ಬಸ್ಸಿಗೆ ಬಂದಿದ್ದ. ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ.

“ತಕಳಿ ನಿಮ್ಮ ಹರಿವಾಣ,” ಅಂದೆ. “ಇದು ಬೆಕ್ಕಿಗಲ್ಲ. ನಮ್ಮಲ್ಲಿ ಹಿಂಗೆ ಕೇಳೂದು ಹೆಣ್ಣನ್ನ. ನೀವು ನನ್ನ ಕೇಳಿದ್ದು ಅಂತ ಮನೆಯೋರೆಲ್ಲ ತಿಳ್ಕಂಡಾರೆ.”

“ನೀವೂ?”

“ನಾನೂ. ರಾತ್ರಿಯೆಲ್ಲ ಸಂತೋಷಕ್ಕೆ ನಿದ್ದೆ ಬರ್ಲಿಲ್ಲ. ಸಾಕಾ? ಈಗ ತಕಳಿ.”

ಅವನ ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಕೆಂಪಾದವು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ತೆಗೆದುಕೊಂಡರೆ ಏನಾಗುತ್ತದೆ?”

“ಮಾತು ಮುರೀತದೆ.”

“ಹಾಗಾದರೆ ನಾನು ತೆಗೆದುಕೊಳ್ಳುವುದಿಲ್ಲ.” ಅವನು ಒಂದು ಹೆಜ್ಜೆ ಹಿಂದೆ ಸರಿದ. “ಸುನೀತಾ, ಬೆಕ್ಕಿಗಾಗಿ ಕೇಳುವ ಧೈರ್ಯ ನನಗಿತ್ತು. ನನಗಾಗಿ ಕೇಳುವ ಧೈರ್ಯ ಇರಲಿಲ್ಲ. ಜುಲೈಯಲ್ಲಿ ನಾನು ಹೋಗಲೇಬೇಕು. ಆದರೆ ಮಳೆ ಮುಗಿಯುವಷ್ಟರಲ್ಲಿ ತಿರುಗಿ ಬರುತ್ತೇನೆ. ಈ ಮನೆ ನನಗೆ ಹಾವು ಕೊಟ್ಟಿತು, ಕೋಳಿ ಕೊಟ್ಟಿತು, ಬೆಳಿಗ್ಗೆ ಬೆಳಿಗ್ಗೆ ನಿಮ್ಮ ನಗು ಕೊಟ್ಟಿತು. ಇನ್ನೂ ಕೇಳಿದರೆ ದುರಾಸೆ ಎಂದು ಸುಮ್ಮನಿದ್ದೆ.”

“ದುರಾಸೆ ಅಂತೆ! ಬಸ್ಸಿನ ಗಾಜು ಸವೆಯೂ ಹಂಗೆ ನೋಡೂವಾಗ ಇರ್ಲಿಲ್ವ ದುರಾಸೆ?”

ಅವನು ನಕ್ಕ. ಅಳುತ್ತಲೇ ನಾನೂ ನಕ್ಕೆ. ಆಮೇಲೆ ಅವನು ಬಹಳ ಸಂಕೋಚದಿಂದ, “ಹಾಗಾದರೆ ಬೆಕ್ಕಿಗೆ ಇನ್ನೊಂದು ಕಾಯಿ ತರಲೇ?” ಅಂದ.

ದೇವರೇ, ಇಂಥವನನ್ನು ನನ್ನ ಹೊಸ್ತಿಲಿಗೆ ಕಳಿಸಿದ ಆ ಕಬ್ಬೆಕ್ಕಿಗೆ ನಾನು ಇಂದಿಗೂ ಋಣಿ. ನಾನು ಕಾಯಿ ಎತ್ತಿಕೊಂಡು, ಬಾಗಿಲ ಮುಂದಿನ ಒಗೆಯುವ ಕಲ್ಲಿಗೆ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬಡಿದೆ. ಫಟಾರನೆ ಕಾಯಿ ಎರಡಾಯಿತು. ನೀರು ಇಬ್ಬರ ಮುಖಕ್ಕೂ ಹಾರಿತು. ಮಾಡಿನೊಳಗೆ ಮರಿಗಳು ಕೀಂ ಕೀಂ ಅಂದವು.

ಆ ಕಡೆ ಜಗಲಿಯಿಂದ ಅಂಗಳ ದಾಟಿ ಅವ್ವಿಯ ದನಿ ಕೇಳಿತು.

“ಹುಲಿಯಣ್ಣಾ, ಮಾಡು ಬಿಚ್ಚೂದು ಬೇಡ! ಓಡಿಹೋಗಿ ದೊಡ್ಡದೊಂದು ಟಾರ್ಪಾಲ್ ತಕಂಬಾ. ನಮ್ಮ ಅಳಿಯ ನೆನೆದು ಹೋಗ್ತ!”